ಹಸಿಕಾಯಿಯೋ, ಕೊಬ್ಬರಿಯೋ: ವ್ಯವಹಾರದ ಲೆಕ್ಕವನ್ನು ಮಾಡುವ ಕ್ರಮ
(ಹುಳಿಯಾರು ಹೋಬಳಿಯ ಹಿಡುವಳಿದಾರರಿಗಾಗಿ ಉಪನ್ಯಾಸ)



ಹುಳಿಯಾರು, ತಿಪಟೂರು, ತುರುವೇಕೆರೆಯ ಸೀಮೆಯಲ್ಲಿ ಎಣಿಕೆ ಬಾರದ ಹಿಡುವಳಿದಾರನು ವಿರಳ. ಸಾವಿರ ಕಾಯಿ ಎಣಿಸಿ ಹಾಕುವಾಗ ಒಂದು ಕಾಯಿಯೂ ತಪ್ಪದು. ತಪ್ಪು ಬರುವುದು ಬಾಯಿಮಾತಿನ ವ್ಯವಹಾರವನ್ನು ಅಂಕಿಗೆ ಇಳಿಸುವಲ್ಲಿ. ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು.

ಈ ಸೀಮೆಯ ಪ್ರತಿಯೊಂದು ಮನೆಯಲ್ಲಿಯೂ ಏಳುವ ಪ್ರಶ್ನೆಯೊಂದನ್ನು ತೆಗೆದುಕೊಳ್ಳಬಹುದು. ಒಬ್ಬ ಹಿಡುವಳಿದಾರನಲ್ಲಿ 1,000 ಕಾಯಿಗಳಿವೆ. ವರ್ತಕನು ಹಸಿಕಾಯಿಗೆ ತಲಾ 12 ರೂಪಾಯಿ ಕೊಡುವೆನೆನ್ನುತ್ತಾನೆ. ಅಟ್ಟದಲ್ಲಿ ಹತ್ತು ತಿಂಗಳು ಇಟ್ಟರೆ ಉಂಡೆ ಕೊಬ್ಬರಿಯಾಗುವುದು. ಆದರೆ ಅವನಿಗೆ ಈಗಲೇ 12,000 ರೂಪಾಯಿ ಬೇಕಾಗಿದೆ. ಕಾಯಿಯನ್ನು ಮಾರದಿದ್ದರೆ ಆ ಹಣವನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಸಾಲ ತರಬೇಕು. ಯಾವುದು ಲಾಭ?

ಮೊದಲು, ಕೇಳಿರುವುದೇನೆಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳತಕ್ಕದ್ದು. ಕೇಳಿರುವುದು ಕೊಬ್ಬರಿಯ ಬೆಲೆಯಲ್ಲ. ಎಲ್ಲ ಖರ್ಚೂ ಕಳೆದು ಕೈಯಲ್ಲಿ ಉಳಿಯುವ ಹಣ. ಬಹುಮಂದಿ ಎಡವುವುದು ಇಲ್ಲಿಯೇ. ಅನಂತರ ತಿಳಿದಿರುವ ಅಂಕಿಗಳನ್ನೆಲ್ಲ ಒಂದರ ಕೆಳಗೊಂದು ಬರೆದು, ಅಳತೆಗಳನ್ನು ಒಂದೇ ಮಾನಕ್ಕೆ ತರಬೇಕು. ಪೇಟೆಯ ಧಾರಣೆ ಕ್ವಿಂಟಾಲಿನಲ್ಲಿ, ಕೊಬ್ಬರಿಯ ತೂಕ ಗ್ರಾಂನಲ್ಲಿ, ಬಡ್ಡಿ ತಿಂಗಳಿನಲ್ಲಿ ಇದ್ದರೆ ಲೆಕ್ಕ ಕೂಡದು. (ಸೇರು, ಮಣ, ಆಣೆ, ಕಾಸುಗಳ ಕಾಲಕ್ಕಿಂತ ಇದು ಎಷ್ಟೋ ಸುಲಭ; 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾದ ಮೇಲೆ ಹದಿನಾರರ ಮಗ್ಗಿಯ ಕಾಟ ತಪ್ಪಿತು.)

ಸಾವಿರ ಕಾಯಿಯಲ್ಲಿ ನೂರಕ್ಕೆ ಐದು ಅಟ್ಟದಲ್ಲಿಯೇ ಕೆಟ್ಟುಹೋಗುವುವೆಂದು ಇಟ್ಟುಕೊಂಡರೆ ಉಳಿಯುವುದು 950. ಒಂದು ಕೊಬ್ಬರಿ 140 ಗ್ರಾಂ ತೂಗಿದರೆ 950ನ್ನು 140ರಿಂದ ಗುಣಿಸಲು 1,33,000 ಗ್ರಾಂ, ಅಂದರೆ 133 ಕಿಲೋ. 2024ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ, ಕಿಲೋಗೆ 120. ಅದರಂತೆ ಹಿಡಿದರೆ ಬರುವ ಹಣ 15,960 ರೂಪಾಯಿ.

ಇಷ್ಟಕ್ಕೇ ಲೆಕ್ಕವನ್ನು ನಿಲ್ಲಿಸಿದವನು 3,960 ರೂಪಾಯಿ ಲಾಭವೆಂದು ಹಿಗ್ಗುವನು. ಆದರೆ ಮಟ್ಟೆ ಸುಲಿಯುವ ಕೂಲಿ, ಚಿಪ್ಪು ಒಡೆಯುವ ಕೂಲಿ, ಪೇಟೆಗೆ ಸಾಗಿಸುವ ಬಾಡಿಗೆ ಇವುಗಳಲ್ಲಿ ಚಿಪ್ಪು ಮಾರಿ ಬಂದದ್ದನ್ನು ಕಳೆದು 1,500 ರೂಪಾಯಿ ಖರ್ಚೆನ್ನೋಣ. ಉಳಿಯುವುದು 14,460. ಹಸಿಕಾಯಿಯ ಬೆಲೆಗಿಂತ ಹೆಚ್ಚಾದದ್ದು 2,460.

ಇನ್ನು ಬಡ್ಡಿ. ನೂರಕ್ಕೆ ಎರಡು ರೂಪಾಯಿ ಎಂಬುದು ಕಿವಿಗೆ ಅಲ್ಪವಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು ನೂರಕ್ಕೆ ಇಪ್ಪತ್ತನಾಲ್ಕು. 12,000ದಲ್ಲಿ ನೂರುಗಳು 120. ತಿಂಗಳ ಬಡ್ಡಿ 240. ಹತ್ತು ತಿಂಗಳಿಗೆ 2,400. ಹತ್ತು ತಿಂಗಳು ಅಟ್ಟವನ್ನು ಕಾದು, ಇಲಿಯನ್ನು ಓಡಿಸಿ, ಧಾರಣೆಯ ಚಿಂತೆಯಲ್ಲಿದ್ದವನಿಗೆ ಉಳಿದದ್ದು 60 ರೂಪಾಯಿ!

ಬಂದ ಉತ್ತರವನ್ನು ಹಿಂದುಮುಂದಾಗಿ ಪರೀಕ್ಷಿಸಬೇಕು. 12,000, 1,500, 2,400 ಇವುಗಳನ್ನು ಕೂಡಿದರೆ 15,900. ಅದಕ್ಕೆ 60 ಸೇರಿದರೆ 15,960, ಮೊದಲು ಬಂದ ಹಣವೇ. ಈ 15,900ನ್ನು 133ರಿಂದ ಭಾಗಿಸಿದರೆ 119 ರೂಪಾಯಿ 55 ಪೈಸೆ. ಕೊಬ್ಬರಿಯ ಧಾರಣೆ ಇದಕ್ಕಿಂತ ಇಳಿದರೆ ಇವನಿಗೆ ನಷ್ಟ. ಕಿಲೋಗೆ 119 ಆದರೆ 73 ರೂಪಾಯಿ ಕೈಬಿಟ್ಟುಹೋಗುವುದು.

ಅದೇ ಸಾಲವು ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯಂತೆ ಸಿಕ್ಕಿದ್ದಾದರೆ ಬಡ್ಡಿ 1,200, ಉಳಿತಾಯ 1,260. ಸಾಲದ ಅಗತ್ಯವೇ ಇಲ್ಲದವನಿಗೆ 2,460 ಪೂರ್ತಿ ಉಳಿಯುವುದು. ಆದುದರಿಂದ ನೆರೆಯವನು ಕಾಯಿಯನ್ನು ಅಟ್ಟಕ್ಕೆ ಏರಿಸಿದನೆಂದು ತಾನೂ ಏರಿಸುವುದು ಲೆಕ್ಕವಲ್ಲ.

ಇಲ್ಲಿ ಹಿಡಿದ 140 ಗ್ರಾಂ, ನೂರಕ್ಕೆ ಐದು, 1,500 ರೂಪಾಯಿ ಇವೆಲ್ಲ ಉದಾಹರಣೆಗೆ ಮಾತ್ರ. ಪ್ರತಿಯೊಬ್ಬ ಹಿಡುವಳಿದಾರನೂ ತನ್ನ ತೋಟದ ನೂರು ಕೊಬ್ಬರಿಗಳನ್ನು ಆರಿಸದೆ ಒಟ್ಟಿಗೆ ತೂಗಿ, ಬಂದ ತೂಕವನ್ನು ನೂರರಿಂದ ಭಾಗಿಸಿ, ಆ ಅಂಕಿಯನ್ನು 140ರ ಸ್ಥಾನದಲ್ಲಿಟ್ಟು ಲೆಕ್ಕವನ್ನು ಮೊದಲಿನಿಂದ ಮಾಡತಕ್ಕದ್ದು. ದಪ್ಪನಾದ ಒಂದು ಕೊಬ್ಬರಿಯನ್ನು ಆರಿಸಿ ತೂಗಿದರೆ ಲೆಕ್ಕದಲ್ಲಿ ಲಾಭ ಬರುವುದು, ಪೇಟೆಯಲ್ಲಿ ಬರುವುದಿಲ್ಲ.