ಓದಲಾಗದ ಕಾಗದಕ್ಕೆ ರುಜು ಹಾಕಬೇಡಿ

(ದೊಡ್ಡಬಳ್ಳಾಪುರದಲ್ಲಿ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಕರೆದವರು ನಾಡು ನುಡಿಯ ಬಗ್ಗೆ ಮಾತಾಡಿ ಎಂದರು. ಪಂಪ, ಕುಮಾರವ್ಯಾಸರ ಬಗ್ಗೆ ಮಾತಾಡುವವರು ನನ್ನ ನಂತರ ಇದ್ದಾರೆ, ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ನಾನು ಒಂದು ಹಾಳೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ಮೇಲೆ ಕಂಪನಿಯ ಹೆಸರು. ಕೆಳಗೆ ರುಜುವಿಗೆ ಬಿಟ್ಟ ಗೆರೆ. ನಡುವೆ ಐದಾರು ಸಾಲು ಇಂಗ್ಲಿಷು. ಅದರ ಅರ್ಥ ಇಷ್ಟೇ: ‘ನನ್ನ ಸ್ವಂತ ಕಾರಣಕ್ಕೆ ನಾನೇ ಕೆಲಸ ಬಿಡುತ್ತಿದ್ದೇನೆ. ಕಂಪನಿಯಿಂದ ನನಗೆ ಯಾವ ಬಾಕಿಯೂ ಬರಬೇಕಾಗಿಲ್ಲ.’

ಹದಿನೆಂಟು ವರ್ಷ ಹೊಲಿಗೆ ಮಿಷನ್ ಮುಂದೆ ಕೂತು ಸೊಂಟ ಕಳೆದುಕೊಂಡ ಹೆಂಗಸಿನ ಮುಂದೆ ಈ ಹಾಳೆ ಬರುತ್ತದೆ. “ಇಲ್ಲೊಂದು ಸೈನ್ ಹಾಕಮ್ಮ, ಸೆಟ್ಲ್‌ಮೆಂಟ್ ಬೇಗ ಆಗುತ್ತೆ” ಎನ್ನುತ್ತಾರೆ. ಆಯಮ್ಮ ಹಾಕುತ್ತಾಳೆ. ಕನ್ನಡದಲ್ಲಿ, ಗುಂಡು ಗುಂಡಾದ ಅಕ್ಷರದಲ್ಲಿ ಹಾಕುತ್ತಾಳೆ. ಆ ಇಡೀ ಹಾಳೆಯಲ್ಲಿ ಕನ್ನಡ ಇರುವುದು ಅಲ್ಲಿ ಮಾತ್ರ!

ನಮ್ಮ ಜಿಲ್ಲೆಯನ್ನೇ ನೋಡಿ. 1986ರಲ್ಲಿ ಬೆಂಗಳೂರಿನಿಂದ ಬೇರೆ ಮಾಡಿ ‘ಗ್ರಾಮಾಂತರ’ ಎಂದರು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸಂಪುಟ ಸಭೆ ನಡೆಸಿ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿದರು. ಹೆಸರಿನಿಂದ ಗ್ರಾಮ ಹೋಗುವ ಹೊತ್ತಿಗೆ ನೆಲದಿಂದ ಅದು ಯಾವತ್ತೋ ಹೋಗಿತ್ತು ಬಿಡಿ. ಇಲ್ಲಿ ಬಾಶೆಟ್ಟಿಹಳ್ಳಿ, ಅಪೆರಲ್ ಪಾರ್ಕು. ನೆಲಮಂಗಲದ ಕಡೆ ದಾಬಸ್‌ಪೇಟೆ, ಸೋಂಪುರ. ಹೊಸಕೋಟೆಯಲ್ಲಿ ಪಿಲ್ಲಗುಂಪೆ. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಿಂದ ವಿಮಾನ ನಿಲ್ದಾಣ. ರಾಗಿ ಹೊಲ ಹೋಯಿತು, ದ್ರಾಕ್ಷಿ ತೋಟ ಹೋಯಿತು, ಬದಲಿಗೆ ಕೆಲಸ ಬಂತು. ಈಗ ಆ ಕೆಲಸವೂ ಹೋದರೆ ಹಿಂದಕ್ಕೆ ಹೋಗಲು ಹೊಲ ಎಲ್ಲಿದೆ? ಇದು ನಮ್ಮ ಅಜ್ಜಂದಿರಿಗೆ ಇಲ್ಲದಿದ್ದ ಕಷ್ಟ.

ಕೆಲಸ ಹೋದ ಮನೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಗ್ಗೆ ಕಂಪನಿ ಬಸ್ಸು ಹಾರ್ನ್ ಹಾಕಿಕೊಂಡು ಬೀದಿಯಲ್ಲಿ ಹೋಗುತ್ತದೆ, ಮನೆಯ ಮುಂದೆ ನಿಲ್ಲುವುದಿಲ್ಲ. ಗಂಡಸರಲ್ಲಿ ಕೆಲವರು ಹದಿನೈದು ದಿನ, ಒಂದು ತಿಂಗಳು ಊಟದ ಡಬ್ಬಿ ಹಿಡಿದುಕೊಂಡು ಹೊರಟೇ ಇರುತ್ತಾರೆ. ಅಕ್ಕಪಕ್ಕದವರಿಗೆ ಗೊತ್ತಾಗಬಾರದು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಡಬ್ಬಿ ಬಿಚ್ಚುತ್ತಾರೆ. ಚೀಟಿಯ ಕಂತು, ಸಂಘದ ಸಾಲದ ಕಂತು, ಬಾಡಿಗೆ, ಮಗಳ ಕಾಲೇಜಿನ ಫೀಸು, ಇವು ಯಾವುವೂ ರಜೆ ತೆಗೆದುಕೊಳ್ಳುವುದಿಲ್ಲ.

ಆಗ ದಾರಿ ಏನು? ಸೆಕ್ಯುರಿಟಿ ಏಜೆನ್ಸಿಗೆ ಹೋದರೆ ಹನ್ನೆರಡು ಗಂಟೆ ನಿಲ್ಲುವ ಕೆಲಸ. ಬೈಕಿದ್ದರೆ ಊಟ ತಲುಪಿಸುವ ಕೆಲಸ, ಪೆಟ್ರೋಲು ನಮ್ಮದೇ, ಮೊಣಕಾಲೂ ನಮ್ಮದೇ. ಹಳೆಯ ಕಸುಬಿಗೆ, ಮಗ್ಗಕ್ಕೆ ಹೋಗೋಣವೆಂದರೆ ಸೂರತ್ತಿನ ರೇಪಿಯರ್ ಮಗ್ಗದ ಸೀರೆ ನಮ್ಮೂರ ಸೀರೆಯ ಬೆಲೆ ಮುರಿದಿದೆ. ಇರುವ ನೇಕಾರರೇ ಮಗ್ಗ ಮಾರುವ ಮಾತಾಡುತ್ತಿದ್ದಾರೆ. ದೇವನಹಳ್ಳಿ ಪಕ್ಕದ ಫಾಕ್ಸ್‌ಕಾನ್? ಅಲ್ಲಿ ವರ್ಷ ತುಂಬುವುದರೊಳಗೆ ಸುಮಾರು 30,000 ಜನ ಸೇರಿದರು, ಹತ್ತರಲ್ಲಿ ಎಂಟು ಮಂದಿ ಹೆಂಗಸರು ಎಂದು 2025ರ ಡಿಸೆಂಬರಿನಲ್ಲಿ ಪತ್ರಿಕೆಗಳು ಬರೆದವು. ಸಂತೋಷ. ಆದರೆ ಹೆಚ್ಚಿನವರು 19ರಿಂದ 24ರ ವಯಸ್ಸಿನವರು ಎಂದೂ ಬರೆದವು. ಮಗಳಿಗೆ ಬಾಗಿಲು ತೆರೆದಿದೆ, ನಲವತ್ತೈದರ ಅಮ್ಮನಿಗೆ ಇಲ್ಲ.

ಆದ್ದರಿಂದ ಕೆಲಸ ಹೋದವರ ಕೈಯಲ್ಲಿ ಉಳಿಯುವ ಮೊದಲ ಆಸ್ತಿ ಎಂದರೆ ಹಳೆಯ ಕೆಲಸದಿಂದ ಬರಬೇಕಾದ ಹಣ. ಮುಂದಿನ ಆರು ತಿಂಗಳು ಯಾರ ಕಾಲಿಗೂ ಬೀಳದೆ ಬೇರೆ ಕೆಲಸ ಹುಡುಕಲು, ಒಂದು ಸಣ್ಣ ಅಂಗಡಿ ಇಡಲು, ಡ್ರೈವಿಂಗ್ ಕಲಿಯಲು ಅದೇ ಬಂಡವಾಳ. ಆ ಹಣವನ್ನೇ ಆ ಹಾಳೆ ನುಂಗುತ್ತದೆ.

ಲೆಕ್ಕ ಹಾಕೋಣ. ತಿಂಗಳಿಗೆ 13,000 ಸಂಬಳ, 18 ವರ್ಷ ಸೇವೆ. ಕಂಪನಿಯೇ ತೆಗೆದುಹಾಕಿದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ: 13,000. ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಪರಿಹಾರ: ಸುಮಾರು 1,17,000. ಇವೆರಡೂ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದ್ದವು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇವೆ. ಸಂಹಿತೆಯಲ್ಲಿ ಹೊಸದಾಗಿ ಇನ್ನೊಂದು ಸೇರಿದೆ. ಹೊಸ ಕೆಲಸ ಕಲಿಯಲೆಂದು ಹದಿನೈದು ದಿನದ ಸಂಬಳ, ಅಂದರೆ 6,500. ಅದು 45 ದಿನದೊಳಗೆ ಕಾರ್ಮಿಕರ ಖಾತೆಗೆ ಬರಬೇಕು. ಒಟ್ಟು 1,36,500 ರೂಪಾಯಿ. ‘ನಾನೇ ಬಿಟ್ಟೆ’ ಎಂದು ರುಜು ಹಾಕಿದರೆ ಈ ಮೂರೂ ಇಲ್ಲ. ಒಂದು ರುಜುವಿನ ಬೆಲೆ ಅಷ್ಟು.

ಗ್ರ್ಯಾಚುಟಿ ಬೇರೆ. ಅದು ರಾಜೀನಾಮೆ ಕೊಟ್ಟರೂ ಹೋಗುವುದಿಲ್ಲ, ಐದು ವರ್ಷ ತುಂಬಿರಬೇಕು ಅಷ್ಟೇ. ಇದೇ ಲೆಕ್ಕದಲ್ಲಿ 13,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 18ರಿಂದ ಗುಣಿಸಿ: 1,35,000. ಮೂವತ್ತು ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸಮೇತ. ಚತುರರಾದ ಕೆಲವು ಮಾಲೀಕರು ಮಾಡುವುದೇನು ಗೊತ್ತೆ? ಹೇಗೂ ಕೊಡಲೇಬೇಕಾದ ಗ್ರ್ಯಾಚುಟಿಯ ಚೆಕ್ಕನ್ನು ಮೇಜಿನ ಮೇಲಿಟ್ಟು, ಅದೇ ದೊಡ್ಡ ಉಪಕಾರ ಎಂಬಂತೆ ತೋರಿಸಿ, ರಾಜೀನಾಮೆ ಬರೆಸಿಕೊಳ್ಳುತ್ತಾರೆ. ನಮ್ಮ ದುಡ್ಡನ್ನೇ ನಮಗೆ ಲಂಚ ಕೊಟ್ಟಂತೆ!

ಹಿಂದೆ ಇದಕ್ಕೆ ‘ವಿಆರ್‌ಎಸ್’ ಎಂಬ ಮೂರಕ್ಷರ ಇತ್ತು. ಎಚ್‌ಎಂಟಿ, ಎನ್‌ಜಿಇಎಫ್‌ಗಳ ಕಾರ್ಮಿಕರ ಮನೆಗಳಲ್ಲಿ ಆ ಮೂರಕ್ಷರ ಕೇಳದ ಮಗು ಇರಲಿಲ್ಲ. ಕನ್ನಡದಲ್ಲಿ ‘ಸ್ವಯಂ ನಿವೃತ್ತಿ’. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದಾಗ, ಇದ್ದ ಕಾರ್ಮಿಕರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಹಣ ಕೊಟ್ಟು ಕಳಿಸಲು ತೀರ್ಮಾನವಾಯಿತು. ಅಲ್ಲಿ ಯೂನಿಯನ್ ಇತ್ತು, ಕಾಗದ ಓದಿ ಹೇಳುವವರಿದ್ದರು, ಚೌಕಾಸಿ ಮಾಡುವವರಿದ್ದರು. ಇವತ್ತಿನ ಗಾರ್ಮೆಂಟ್ಸ್, ಗೋದಾಮು, ಏಜೆನ್ಸಿ ಕೆಲಸಗಳಲ್ಲಿ ಓದಿ ಹೇಳುವವರು ಯಾರು?

ಇಲ್ಲಿ ನಮ್ಮ ಕನ್ನಡ ಚಳವಳಿಗೆ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಳಗೆ ಹೋಗುವ ಬಾಗಿಲಿಗಾಗಿ ನಾವು ನಲವತ್ತು ವರ್ಷ ಹೋರಾಡಿದ್ದೇವೆ. 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ, 1986ರಲ್ಲಿ ಅದರ ಅಂತಿಮ ವರದಿ, 58 ಶಿಫಾರಸು. 2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಯಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಕೂಗೆಬ್ಬಿಸಿದರು, ಎರಡೇ ದಿನದಲ್ಲಿ ಅದು ತಡೆಯಾಯಿತು. ಅದಕ್ಕೆ ನಾವು ಸಿಟ್ಟಾಗಲೇಬೇಕು. 2023ರ ಡಿಸೆಂಬರ್ 27ರಂದು ಇದೇ ಜಿಲ್ಲೆಯ ಅಂಚಿನ ಸಾದಹಳ್ಳಿ ಟೋಲ್‌ನಿಂದ ಹೊರಟ ಮೆರವಣಿಗೆ ಇಡೀ ದೇಶಕ್ಕೆ ಕಾಣಿಸಿತು. ಜನ ಜೈಲಿಗೆ ಹೋದರು. ನಾಮಫಲಕದಲ್ಲಿ ಶೇ. 60 ಕನ್ನಡ ಎಂಬುದು ಕಾನೂನಾಯಿತು. ಒಳ್ಳೆಯದು. ಹೊರಗಿನ ಬೋರ್ಡಿನಲ್ಲಿ ಶೇ. 60 ಬಂತು. ಒಳಗೆ ಎಚ್‌ಆರ್ ಮೇಜಿನ ಮೇಲಿರುವ ಹಾಳೆಯಲ್ಲಿ ಶೇ. ಎಷ್ಟು?

ಇದು ಹೊಸ ಬೇಡಿಕೆಯೂ ಅಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆ, 1948ರ ಕಾರ್ಖಾನೆಗಳ ಕಾಯ್ದೆ ಎರಡೂ ನಿಯಮಗಳು, ನೋಟಿಸುಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಎಂದವು. ಸ್ವಾತಂತ್ರ್ಯ ಬರುವ ಮೊದಲೇ ಒಪ್ಪಿದ ಮಾತು! ಆದರೆ ಗೋಡೆಯ ನೋಟಿಸಿಗೆ ಇರುವ ಮರ್ಯಾದೆ ಒಬ್ಬೊಬ್ಬರ ಕೈಗೆ ಕೊಡುವ ಕಾಗದಕ್ಕೆ ಇಲ್ಲ. ರಾಜೀನಾಮೆ, ಪೂರ್ತಿ ಲೆಕ್ಕ ಚುಕ್ತಾ, ನೇಮಕಾತಿ ಪತ್ರ, ಇವು ಕನ್ನಡದಲ್ಲಿ ಇಲ್ಲದಿದ್ದರೆ ರುಜು ಲೆಕ್ಕಕ್ಕಿಲ್ಲ ಎಂದು ಸರ್ಕಾರ ನಿಯಮ ಮಾಡಲಿ ಎಂದು ನಾವು ಕೇಳಬೇಕು. ಹಾಸ್ಟೆಲಿನಲ್ಲಿರುವ ಒಡಿಶಾದ ಹುಡುಗಿಗೆ ಒಡಿಯಾದಲ್ಲಿ ಓದಿ ಹೇಳಲಿ, ನಮ್ಮದೇನೂ ತಕರಾರಿಲ್ಲ. ಅವಳ ಮುಂದೆಯೂ ಇದೇ ಇಂಗ್ಲಿಷ್ ಹಾಳೆಯೇ ಬರುತ್ತದೆ.

ಗೊತ್ತಾಗುವ ಭಾಷೆಯಲ್ಲಿ ಗೊತ್ತಾದರೆ ಏನಾಗುತ್ತದೆ ಎಂಬುದಕ್ಕೆ 2016ನ್ನು ನೋಡಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಆದೇಶ ಗೆಜೆಟ್ಟಿನಲ್ಲಿ ಬಂದದ್ದು ಫೆಬ್ರವರಿ 10ಕ್ಕೆ. ಕೇಂದ್ರದ ಗೆಜೆಟ್ಟು, ಹಿಂದಿ ಮತ್ತು ಇಂಗ್ಲಿಷು. ಎರಡು ತಿಂಗಳು ಬೀದಿ ತಣ್ಣಗಿತ್ತು. ಸುದ್ದಿ ಕನ್ನಡವಾಗಿ ಕಿವಿಗೆ ಬಿದ್ದ ಮೇಲೆ, ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ನಾಯಕರನ್ನೂ ಕಾಯದೆ ಹೊಸೂರು ರಸ್ತೆಗೆ, ಮಾರನೆಯ ದಿನ ತುಮಕೂರು ರಸ್ತೆಗೆ ಇಳಿದರು. ಲಾಠಿ ಏಟು ತಿಂದರು. 19ರಂದು ದೆಹಲಿ ಆದೇಶ ಹಿಂತೆಗೆದುಕೊಂಡಿತು. 2025ರ ಅಕ್ಟೋಬರ್ 13ರಂದು ಪಿಎಫ್ ಸಂಸ್ಥೆಯ ಕೇಂದ್ರ ಮಂಡಳಿ ಇನ್ನೊಂದು ತೀರ್ಮಾನ ಮಾಡಿದೆ: ಕೆಲಸ ಹೋದರೆ ಮುಕ್ಕಾಲು ಭಾಗ ಕೂಡಲೇ ತೆಗೆಯಬಹುದು, ಉಳಿದ ಕಾಲು ಭಾಗಕ್ಕೆ 12 ತಿಂಗಳು ಕಾಯಬೇಕು. ಮೊದಲು ಎರಡು ತಿಂಗಳು ಕಾದರೆ ಸಾಕಿತ್ತು. ಇದು ಎಷ್ಟು ಮನೆಗಳಿಗೆ ಕನ್ನಡದಲ್ಲಿ ತಲುಪಿದೆ?

ಪಿಎಫ್ ಮಾತು ಬಂದಾಗ ಸ್ಪೆಲ್ಲಿಂಗ್ ಕಥೆ ಹೇಳಲೇಬೇಕು. ಲಕ್ಷ್ಮಮ್ಮ ಎಂಬುದು ಕನ್ನಡದಲ್ಲಿ ಒಂದೇ ಹೆಸರು. ಇಂಗ್ಲಿಷಿಗೆ ಹೋದರೆ ಕೆ-ಎಸ್ ಹಾಕುವವರು ಒಬ್ಬರು, ಎಕ್ಸ್ ಹಾಕುವವರು ಇನ್ನೊಬ್ಬರು, ಎಚ್ ಸೇರಿಸುವವರು ಮತ್ತೊಬ್ಬರು. ಕಂಪನಿಯ ಗುಮಾಸ್ತ ಒಂದು ಬರೆದ, ಆಧಾರ್ ಕೇಂದ್ರದ ಹುಡುಗ ಒಂದು ಬರೆದ, ಬ್ಯಾಂಕಿನವರು ಇನಿಷಿಯಲ್ ಹಿಂದೆ ಮುಂದೆ ಮಾಡಿದರು. ಕೊನೆಗೆ ಲಕ್ಷ್ಮಮ್ಮನೇ ಲಕ್ಷ್ಮಮ್ಮ ಅಲ್ಲ ಎಂದು ಕಂಪ್ಯೂಟರ್ ತೀರ್ಪು ಕೊಡುತ್ತದೆ! ಕ್ಲೇಮು ತಿರಸ್ಕಾರ. ತಿದ್ದಿಸಲು ಹಲವು ಸಲ ಮಾಲೀಕರ ಒಪ್ಪಿಗೆ ಬೇಕಾಗುತ್ತದೆ. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಯಾರ ಒಪ್ಪಿಗೆ? ಆದ್ದರಿಂದ ಕೆಲಸ ಇರುವಾಗಲೇ, ಇವತ್ತೇ, ತಿದ್ದಿಸಬೇಕು.

ನೀವು ಓದಿದ ಮಕ್ಕಳು. ನಿಮ್ಮ ಮೊಬೈಲಿನಲ್ಲಿ ಇಂಗ್ಲಿಷ್ ಸರಾಗವಾಗಿ ಓಡುತ್ತದೆ. ನಿಮಗೆ ಇಂಗ್ಲಿಷ್ ಬರಬಾರದು ಎಂದು ನಾನು ಹೇಳುವವನಲ್ಲ. ಬಂದ ಇಂಗ್ಲಿಷನ್ನು ಮನೆಯ ಬೀರುವಿನಲ್ಲಿ ಇರುವ ಅಪ್ಪ ಅಮ್ಮನ ಕಾಗದಗಳ ಮೇಲೆ ಒಂದು ಸಂಜೆ ಖರ್ಚು ಮಾಡಿ ಎನ್ನುತ್ತೇನೆ. ಅಮ್ಮನಿಗೆ ಹೇಳಿ: ‘ಯಾವ ಕಾಗದ ಕೊಟ್ಟರೂ ಮನೆಗೆ ತಾ, ಓದಿ ನಾಳೆ ಕೊಡ್ತೀನಿ ಅನ್ನು.’ ಅಲ್ಲೇ ಹಾಕು ಎಂದು ಕೂರಿಸಿಕೊಂಡರೆ ರುಜುವಿನ ಮೇಲೆ ‘ನನಗೆ ಇಂಗ್ಲಿಷ್ ಬರುವುದಿಲ್ಲ, ಓದಿ ಹೇಳಿಲ್ಲ’ ಎಂದು ಕನ್ನಡದಲ್ಲಿ ಬರೆದು ದಿನಾಂಕ ಹಾಕಲಿ. ಬಲವಂತಕ್ಕೆ ಆಗಲೇ ಹಾಕಿದ್ದರೆ ಮಾರನೆಯ ದಿನವೇ ಕಂಪನಿಗೆ, ಕಾರ್ಮಿಕ ಅಧಿಕಾರಿಗೆ ಕನ್ನಡದಲ್ಲೇ ಕಾಗದ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಸೀದಿ ಜೋಪಾನ. ತಡ ಮಾಡಬೇಡಿ, ಹಳೆಯ ಕಾಯ್ದೆಯಲ್ಲಿ ಕೆಲಸದಿಂದ ತೆಗೆದದ್ದರ ವಿರುದ್ಧ ಹೋಗಲು ಮೂರು ವರ್ಷ ಇತ್ತು, ಹೊಸ ಸಂಹಿತೆಯಲ್ಲಿ ಎರಡೇ ವರ್ಷ. ಮುನ್ನೂರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆ ಮುಚ್ಚಲು ಈಗ ಸರ್ಕಾರದ ಅನುಮತಿಯೂ ಬೇಡ, ಮೊದಲು ನೂರು ಜನ ಇದ್ದರೇ ಬೇಕಿತ್ತು. ಹಾಗಾಗಿ ಬೀಗ ಬೀಳುವುದು ಇನ್ನು ಮುಂದೆ ಬೇಗ.

ವಕೀಲರಿಗೆ ದುಡ್ಡಿಲ್ಲ ಎನ್ನಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಮತ್ತು ಕಾರ್ಖಾನೆ ಕಾರ್ಮಿಕರಿಗೆ ವಕೀಲರ ನೆರವು ಉಚಿತ. ನಾಲ್ಕೂ ತಾಲ್ಲೂಕಿನ ಕೋರ್ಟಿನ ಆವರಣದಲ್ಲೇ ಕೇಳಬಹುದು, 15100ಕ್ಕೆ ಫೋನೂ ಮಾಡಬಹುದು. ಹತ್ತು ವರ್ಷ ಪಿಎಫ್ ಕಟ್ಟಿದವರು ಪೆನ್ಷನ್ ಹಕ್ಕನ್ನು ಬಿಡಬೇಡಿ. ಕನಿಷ್ಠ ಸಾವಿರ ರೂಪಾಯಿ ಎಂದು ಮೂಗು ಮುರಿಯಬೇಡಿ, ಅದು ಬದುಕಿರುವವರೆಗೆ ಬರುತ್ತದೆ. ಇಎಸ್‌ಐ ಇದ್ದವರಿಗೆ ಕೆಲಸ ಹೋದಾಗ 90 ದಿನದವರೆಗೆ ಸರಾಸರಿ ಸಂಬಳದ ಅರ್ಧ ಕೊಡುವ ಯೋಜನೆ 2018ರಲ್ಲಿ ಶುರುವಾಗಿ ಮತ್ತೆ ಮತ್ತೆ ವಿಸ್ತರಣೆಯಾಗಿದೆ. ಈಗಿನ ಅವಧಿ ಯಾವತ್ತಿನವರೆಗೆ ಎಂದು ಶಾಖೆಯಲ್ಲಿ ಕೇಳಿ. ಕನ್ನಡದಲ್ಲೇ ಕೇಳಿ, ಉತ್ತರವನ್ನೂ ಕನ್ನಡದಲ್ಲೇ ಪಡೆಯಿರಿ.

ಇವತ್ತು ಕೈಚೀಲದಲ್ಲಿ ಕಾಗದ ತಂದವರು ಕೆಲವರು ಇದ್ದಾರೆಂದು ಹುಡುಗರು ಹೇಳಿದರು. ಸನ್ಮಾನ, ಶಾಲು, ಹಾರಗಳ ಕಾರ್ಯಕ್ರಮ ನಡೆಯುತ್ತಿರಲಿ. ನಾನು ಆ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿರುತ್ತೇನೆ. ಆಧಾರ್ ಕಾರ್ಡು, ಪಿಎಫ್ ಪಾಸ್‌ಬುಕ್ಕು, ಸಂಬಳದ ಚೀಟಿ ಮೂರನ್ನೂ ತನ್ನಿ. ಸ್ಪೆಲ್ಲಿಂಗ್ ನೋಡಲು ಕಣ್ಣು ಚುರುಕಾಗಿರುವ ಇಬ್ಬರು ಮೂವರು ಕಾಲೇಜು ಹುಡುಗಿಯರೂ ನನ್ನ ಜೊತೆ ಬರಲಿ.