ಹೆದ್ದಾರಿ ಬದಿಯ ಬೆಕ್ಕು

ದನಕ್ಕೆ ಹಗ್ಗ, ನಾಯಿಗೆ ಸರಪಳಿ, ಕೋಳಿಗೆ ಗೂಡು. ಬೆಕ್ಕಿಗೆ ಮಾತ್ರ ನಾವು ಏನನ್ನೂ ಮಾಡಿದವರಲ್ಲ. ‘ಅದರ ಪಾಡು ಅದು ನೋಡಿಕೊಳ್ಳುತ್ತದೆ’ ಎಂದು ಬಿಟ್ಟಿದ್ದೇವೆ. ರಾತ್ರಿ ಎಲ್ಲಿಗೆ ಹೋಯಿತು, ಬೆಳಿಗ್ಗೆ ಎಲ್ಲಿಂದ ಬಂತು ಎಂದು ಕೇಳುವವರಿಲ್ಲ. ಒಂದು ದಿನ ಬರಲೇ ಇಲ್ಲ ಎಂದಾದರೆ ‘ಎಲ್ಲೋ ಹೋಗಿರಬೇಕು’ ಎನ್ನುತ್ತೇವೆ. ಆಮೇಲೆ ಶಾಲೆಗೆ ಹೊರಟ ಮಗು ಡಾಂಬರಿನ ಅಂಚಿನಲ್ಲಿ ಅದನ್ನು ಕಂಡು ಅಳುತ್ತಾ ವಾಪಸು ಬರುತ್ತದೆ.

ಒಂದು ಕಾಲಕ್ಕೆ ‘ಅದರ ಪಾಡು ಅದು ನೋಡಿಕೊಳ್ಳುತ್ತದೆ’ ಎಂಬ ಮಾತು ನಡೆಯುತ್ತಿತ್ತು. ನಮ್ಮ ಕರಾವಳಿಯಲ್ಲಿ ಮನೆಯೆಂದರೆ ಜಗುಲಿ, ಅಂಗಳ, ಕೊಟ್ಟಿಗೆ, ಅದರಾಚೆ ತೋಟ. ಬೆಕ್ಕಿನ ಲೋಕ ಅಷ್ಟರಲ್ಲೇ ಮುಗಿಯುತ್ತಿತ್ತು. ರಸ್ತೆ ದೂರವಿತ್ತು, ಬರುವ ಬಸ್ಸು ಅರ್ಧ ಗಂಟೆಗೊಂದು. ಆ ಹಳೆಯ 17ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಈಗ 66 ಆಗಿದೆ. ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ ಹೀಗೆ ಊರೂರು ದಾಟುತ್ತಾ ನಾಲ್ಕು ಪಥವಾಗಿ ಅಗಲಗೊಂಡಿದೆ. ಎಷ್ಟೋ ಮನೆಗಳ ಅಂಗಳ ಹೋಯಿತು, ದಣಪೆ ಹೋಯಿತು, ಬೇಲಿಯ ದಾಸವಾಳ ಹೋಯಿತು. ಜಗುಲಿ ಇಳಿದು ಹತ್ತು ಹೆಜ್ಜೆ ಇಟ್ಟರೆ ಲಾರಿ. ಭೂಸ್ವಾಧೀನದ ನೋಟೀಸು ನಮಗೆ ಬಂತು, ಪರಿಹಾರದ ಹಣ ನಮಗೆ ಬಂತು. ಬೆಕ್ಕಿಗೆ ಯಾರೂ ಏನೂ ಹೇಳಲಿಲ್ಲ. ಅದು ನಡೆದು ರೂಢಿಯಾದ ದಾರಿಯಲ್ಲೇ ಇವತ್ತಿಗೂ ನಡೆಯುತ್ತಿದೆ. ಆ ದಾರಿಯ ಮೇಲೆ ಹೆದ್ದಾರಿ ಬಂದು ಮಲಗಿದೆ.

ನಮ್ಮ ಕಡೆ ಬೆಳಿಗ್ಗೆ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮೀನಿನವರು ಬರುತ್ತಾರೆ. ಅವರ ‘ಪೋಂ ಪೋಂ’ ಹಾರ್ನು ಮನೆಯವರಿಗಿಂತ ಮೊದಲು ಬೆಕ್ಕಿಗೆ ಕೇಳಿಸುತ್ತದೆ. ಒಲೆಯ ಬದಿಯಲ್ಲಿ ಮಲಗಿದ್ದದ್ದು ಕಿವಿ ನಿಮಿರಿಸಿ, ಬಾಲ ಎತ್ತಿ, ಒಂದೇ ಓಟಕ್ಕೆ ರಸ್ತೆಯಲ್ಲಿರುತ್ತದೆ. ಮೀನಿನವರು ಎದುರು ಬದಿಯಲ್ಲಿ ನಿಂತಿದ್ದರಂತೂ ನಡುವಿನ ರಸ್ತೆ ಅದರ ಲೆಕ್ಕಕ್ಕೇ ಇಲ್ಲ. ಒಂದು ಗಾಡಿಯ ಸದ್ದಿಗೆ ಓಡಿ ಬಾ ಎಂದು ಕಲಿಸಿದವರು ನಾವೇ. ಉಳಿದ ಗಾಡಿಗಳ ಸದ್ದಿಗೆ ಓಡಿಹೋಗು ಎಂದು ಅದಕ್ಕೆ ಕಲಿಸುವವರು ಯಾರು? ಮೀನು ಮಾರುವ ಅಣ್ಣಂದಿರಲ್ಲಿ, ಕೊಳ್ಳುವ ಅಕ್ಕಂದಿರಲ್ಲಿ ನನ್ನದೊಂದು ವಿನಂತಿ. ಗಾಡಿಯನ್ನು ಮನೆಯ ಬದಿಗೆ, ಸಾಧ್ಯವಾದರೆ ಸರ್ವಿಸ್ ರಸ್ತೆಯ ಒಳಗೆ ತಂದು ನಿಲ್ಲಿಸಿ, ಆಮೇಲೆ ಹಾರ್ನು ಹೊಡೆಯಿರಿ.

ಬೆಕ್ಕು ಜಾಣ ಪ್ರಾಣಿ. ನಮಗೆ ಕೇಳಿಸದ ಇಲಿಯ ಕಿಚಕಿಚ ಅದಕ್ಕೆ ಕೇಳಿಸುತ್ತದೆ. ಆದರೂ ಗಂಟೆಗೆ ಎಂಬತ್ತು ಕಿಲೋಮೀಟರಿನಲ್ಲಿ ಬರುವ ಕಾರಿನ ಅಂದಾಜು ಅದಕ್ಕಿಲ್ಲ. ಅಷ್ಟು ದೊಡ್ಡದು ಅಷ್ಟು ಬೇಗ ನುಗ್ಗಿ ಬಂದದ್ದನ್ನು ಅದರ ಕುಲ ಕಂಡದ್ದೇ ಇತ್ತೀಚೆಗೆ. ಹೆದರಿದಾಗ ಅದು ಮನೆಯ ಕಡೆಗೆ ಓಡುತ್ತದೆ, ಮನೆ ರಸ್ತೆಯ ಆಚೆಗಿದ್ದರೂ. ಇನ್ನು ಅದರ ಕಣ್ಣು. ಕಣ್ಣಿನ ಪರದೆಯ ಹಿಂದೆ ಕನ್ನಡಿಯಂಥ ಒಂದು ಪದರ ಇದೆ. ಮಬ್ಬು ಬೆಳಕನ್ನೇ ಅದು ಮತ್ತೊಮ್ಮೆ ಒಳಗೆ ಹಾಯಿಸಿ ಕತ್ತಲಲ್ಲಿ ದಾರಿ ತೋರಿಸುತ್ತದೆ. ಅಂಥ ಕಣ್ಣಿಗೆ ಹೈ ಬೀಮಿನ ಬೆಳಕು ಹೊಡೆದರೆ ಕಣ್ಣು ಕೋರೈಸಿ, ನಿಂತಲ್ಲೇ ನಿಂತುಬಿಡುತ್ತದೆ. ಅದೇ ಪದರದಿಂದಾಗಿ ಅದರ ಕಣ್ಣು ದೂರದಿಂದಲೇ ನಮಗೆ ಹಸಿರಾಗಿ ಹೊಳೆಯುತ್ತದೆ. 1934ರಲ್ಲಿ ಇಂಗ್ಲೆಂಡಿನ ಪರ್ಸಿ ಷಾ ಎಂಬವರು ರಸ್ತೆಯ ನಡುವೆ ಕೂರಿಸಲು ಹೊಳೆಯುವ ಗಾಜಿನ ಗುಬುಟಿ ಮಾಡಿ, ಅದಕ್ಕೆ ಬೆಕ್ಕಿನ ಕಣ್ಣೆಂದೇ ಹೆಸರಿಟ್ಟರು. ಮಂಜಿನ ರಾತ್ರಿಯಲ್ಲಿ ನಮ್ಮನ್ನು ಹಳ್ಳಕ್ಕೆ ಬೀಳದಂತೆ ಕಾಯುವ ಹೊಳಪು ಅದು. ರಸ್ತೆಯಲ್ಲಿ ಸಾಗುವ ನಾವು ಈ ಪ್ರಾಣಿಗೆ ಅಷ್ಟರಮಟ್ಟಿಗಾದರೂ ಋಣಿಗಳು.

ಈಗ ಹೇಳುವ ಮಾತು ಸ್ವಲ್ಪ ಕಹಿ. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ತೀರದು ಎಂದು ಹಿರಿಯರು ಹೇಳುತ್ತಿದ್ದರು. ಆ ಭಯ ನಮ್ಮಲ್ಲಿ ಇನ್ನೂ ಇದೆ. ಹಾಗಾಗಿ ಯಾರೂ ಬೆಕ್ಕನ್ನು ಕೊಲ್ಲುವುದಿಲ್ಲ. ಮರಿಗಳು ಹೆಚ್ಚಾದವು ಎಂದರೆ ಗೋಣಿಚೀಲಕ್ಕೆ ತುಂಬಿ, ಹೊತ್ತು ಮುಳುಗಿದ ಮೇಲೆ ಮೀನು ಮಾರ್ಕೆಟಿನ ಹತ್ತಿರವೋ ಹೆದ್ದಾರಿಯ ಕ್ರಾಸಿನಲ್ಲೋ ಬಿಟ್ಟು ಬರುತ್ತೇವೆ. ‘ಎಲ್ಲಾದರೂ ಬದುಕಿಕೊಳ್ಳಲಿ’ ಎಂಬ ಹಾರೈಕೆ ಬೇರೆ. ಇನ್ನೂ ಸರಿಯಾಗಿ ಹಾಲು ಬಿಡದ, ಅಂಗೈಯಗಲದ ಜೀವ ಅಲ್ಲಿ ಹೇಗೆ ಬದುಕೀತು? ಕೊಲ್ಲುವ ಕೆಲಸವನ್ನು ಲಾರಿಗೆ ಒಪ್ಪಿಸಿ ನಾವು ಕೈ ತೊಳೆದುಕೊಂಡು ಬಂದಿದ್ದೇವೆ, ಅಷ್ಟೇ. ಹಸಿವೆ ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ. ಹೆಣ್ಣು ಬೆಕ್ಕು ಹುಟ್ಟಿ ಐದಾರು ತಿಂಗಳಿಗೇ ಗಬ್ಬವಾಗಬಲ್ಲದು, ಮತ್ತೆರಡು ತಿಂಗಳಿಗೆ ಮರಿ. ಪಶುವೈದ್ಯರ ಹತ್ತಿರ ಒಂದು ಆಪರೇಷನ್ ಮಾಡಿಸಿದರೆ ಗೋಣಿಚೀಲ ಹುಡುಕುವ ಪ್ರಮೇಯವೇ ಬರುವುದಿಲ್ಲ. ಗಂಡಿಗೆ ಮಾಡಿಸಿದರೆ ಅದು ಜೋಡಿ ಹುಡುಕಿಕೊಂಡು ಊರೆಲ್ಲ ಅಲೆಯುವುದೂ ಕಡಿಮೆಯಾಗುತ್ತದೆ.

‘ಹಾಗಾದರೆ ಮನೆಯೊಳಗೆ ಕೂಡಿಹಾಕಬೇಕೇ? ಅದು ಹಿಂಸೆಯಲ್ಲವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹತ್ತಲು, ಕೆರೆಯಲು, ಹೊಂಚುಹಾಕಲು ಏನೂ ಇಲ್ಲದ ಕೋಣೆಯಲ್ಲಿ ಬೆಕ್ಕು ನಿಜವಾಗಿಯೂ ಕೊರಗುತ್ತದೆ. ಆದರೆ ಅಪಾಯ ಗೊತ್ತಿದ್ದು ಆರಿಸಿಕೊಂಡರೆ ತಾನೇ ಅದು ಸ್ವಾತಂತ್ರ್ಯ? ರಸ್ತೆಯ ಪಾಠ ಬೆಕ್ಕಿಗೆ ಸಿಗುವುದು ಸಾಯುವಾಗ. ಅದನ್ನು ಸ್ವತಂತ್ರವಾಗಿ ಬಿಟ್ಟಿದ್ದೇವೆ ಎಂದು ನಾವು ಹೇಳಿಕೊಳ್ಳುವಾಗ, ಅದರಲ್ಲಿ ನಮ್ಮ ಉದಾಸೀನವೂ ಸೇರಿಕೊಂಡಿರುತ್ತದೆ ಎಂದೇ ನನಗೆ ಅನಿಸುತ್ತದೆ.

ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಬೆಕ್ಕು ಹೆಚ್ಚು ಚುರುಕಾಗುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ, ಗಾಡಿ ಓಡಿಸುವವರ ಕಣ್ಣು ಮಂಜಾಗುವುದೂ ಆಗಲೇ. ದೇವರಿಗೆ ದೀಪ ಹಚ್ಚುವ ಮೊದಲು ಅವರು ಸ್ಟೀಲಿನ ತಟ್ಟೆಗೆ ಚಮಚದಿಂದ ಬಡಿಯುತ್ತಾರೆ. ಬಂಗಡೆಯ ತಲೆ ಬೇಯಿಸಿ, ಮುಳ್ಳು ಆರಿಸಿ, ಅನ್ನಕ್ಕೆ ಕಲಸಿ ಇಟ್ಟಿರುತ್ತಾರೆ. ಎಲ್ಲಿದ್ದರೂ ಅದು ಬಂದು ಹಾಜರು. ಉಂಡದ್ದೇ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಚೆನ್ನಾಗಿ ಬಿಸಿಲೇರಿ, ಶಾಲೆಯ ಬಸ್ಸುಗಳೆಲ್ಲ ಹೋದ ಮೇಲೆ, ಅದೂ ಹಿಂದಿನ ತೋಟದ ಬಾಗಿಲು. ಒಳಗೆ ಹಳೆಯ ಟಬ್ಬಿನಲ್ಲಿ ಮರಳಿದೆ, ಉಗುರು ಕೆರೆಯಲು ಕಂಬಕ್ಕೆ ಗೋಣಿ ಸುತ್ತಿದೆ, ಹೊರಗೆ ನೋಡಲು ಜಾಲರಿ ಹಾಕಿದ ಕಿಟಕಿ. ಮೊದಮೊದಲು ರಾತ್ರಿಯಿಡೀ ಬಾಗಿಲು ಕೆರೆದು ಕೂಗುತ್ತಿತ್ತು. ದೊಡ್ಡಮ್ಮ ಎದ್ದು ಬಂದು ಪಕ್ಕದಲ್ಲಿ ಕೂತು ಮಾತಾಡಿಸಿದರು, ಬಾಗಿಲು ತೆರೆಯಲಿಲ್ಲ. ಈಗ ಕತ್ತಲಾದರೆ ತಾನಾಗಿ ಒಳಗೆ ಬರುತ್ತದೆ.

ಇನ್ನು ಗಾಡಿ ಓಡಿಸುವವರಿಗೆ. ಮಳೆಗಾಲದ ರಾತ್ರಿ ಬೆಚ್ಚಗಿರುತ್ತದೆಂದು ಬೆಕ್ಕು ಕಾರಿನ ಎಂಜಿನ್ ಸಂದಿಗೆ ಹೊಕ್ಕಿರುತ್ತದೆ. ಚಾವಿ ತಿರುಗಿಸುವ ಮೊದಲು ಬಾನೆಟ್ ಮೇಲೆ ಎರಡು ಸಲ ತಟ್ಟಿ, ಚಕ್ರದ ಹಿಂದೆ ಬಗ್ಗಿ ನೋಡಿ. ಬೆಕ್ಕು ಅಡ್ಡ ಬಂದರೆ ಸ್ವಲ್ಪ ನಿಂತು ಹೋಗು ಎನ್ನುತ್ತಿದ್ದರು ಹಿಂದಿನವರು. ಅಪಶಕುನದಲ್ಲಿ ನನಗೆ ನಂಬಿಕೆಯಿಲ್ಲ, ನಿಲ್ಲುವುದರಲ್ಲಿದೆ. ತಾಯಿಯ ಹಿಂದೆ ಮರಿ ಇರಬಹುದು.

ಒಂದು ವೇಳೆ ಗಾಡಿಗೆ ಸಿಕ್ಕಿಯೇ ಬಿಟ್ಟಿತು ಎನ್ನೋಣ. ದಯವಿಟ್ಟು ನಿಲ್ಲಿಸಿ. ನೋವಿಗೆ ಅದು ಕಚ್ಚೀತು, ಆದ್ದರಿಂದ ದಪ್ಪ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಬಾಯಿಗೆ ನೀರು, ಹಾಲು ಹಾಕಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಆಸ್ಪತ್ರೆ ಎಲ್ಲಿದೆ ಗೊತ್ತಿಲ್ಲವಾದರೆ 1962 ಎಂಬ ಪಶುವೈದ್ಯ ಸಹಾಯವಾಣಿ ಇದೆ, ಕೇಳಿ ನೋಡಿ. ಜೀವ ಹೋಗಿದ್ದರೆ ರಸ್ತೆಯಿಂದ ದೂರ ಸರಿಸಿ, ಇಲ್ಲವಾದರೆ ಅದನ್ನು ತಿನ್ನಲು ಇಳಿದ ಕಾಗೆ, ಹದ್ದುಗಳೂ ಚಕ್ರಕ್ಕೆ ಸಿಗುತ್ತವೆ. ಆಮೇಲೆ ಹತ್ತಿರದ ನಾಲ್ಕು ಮನೆಗಳಲ್ಲಿ ವಿಚಾರಿಸಿ, ಬೆಕ್ಕು ಯಾರದೆಂದು ತಿಳಿದು, ಅವರಿಗೆ ಹೇಳಿ. ಸಿಟ್ಟಿನಲ್ಲಿ ಬೈದಾರು. ಬೈದರೆ ಬೈಸಿಕೊಳ್ಳಿ, ಆದರೆ ಹೇಳದೆ ಹೋಗಬೇಡಿ.