ಓದಲು ತಡವರಿಸುವ ಮಗು ದಡ್ಡನಲ್ಲ: ಮಕ್ಕಳ ಡಾಕ್ಟರಲ್ಲಿ ಕೇಳಿ

(ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿಯ ಸಾರಾಂಶ)



ಕೆಲವು ಮಕ್ಕಳು ಬಾಯಿಲೆಕ್ಕ ಪಟಪಟ ಹೇಳ್ತಾರೆ, ಕೇಳಿದ ಕತೆ ಮರೆಯೋದಿಲ್ಲ. ಆದರೆ ಮೂರನೇ ಕ್ಲಾಸಿಗೆ ಬಂದರೂ ಒಂದು ಸಾಲು ಓದಲು ಒದ್ದಾಡುತ್ತಾರೆ. ಕಾಗುಣಿತ ತಪ್ಪುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ. ನಾವು 'ಸೋಮಾರಿ' ಅಂತ ಬಯ್ಯುತ್ತೇವೆ, ಹೊಡೆಯುತ್ತೇವೆ. ಇದು ಡಿಸ್ಲೆಕ್ಸಿಯಾ ಇರಬಹುದು. ಅಕ್ಷರವನ್ನೂ ಅದರ ಶಬ್ದವನ್ನೂ ಜೋಡಿಸುವ ಕೆಲಸ ಈ ಮಕ್ಕಳ ಮಿದುಳಿಗೆ ಕಷ್ಟವಾಗುತ್ತದೆ. ಇದು ಬುದ್ಧಿಯ ಕೊರತೆಯಲ್ಲ, ತಾಯಿ ಸಾಕಿದ್ದರ ತಪ್ಪೂ ಅಲ್ಲ. ಅನೇಕ ಕುಟುಂಬಗಳಲ್ಲಿ ವಂಶವಾಗಿ ಬರುತ್ತದೆ.

ಇದಕ್ಕೆ ಮಕ್ಕಳ ಡಾಕ್ಟರು ಯಾಕೆ ಅಂತೀರಾ? ಜ್ವರ, ಚುಚ್ಚುಮದ್ದು ಅಂತ ಮಗುವನ್ನು ಹುಟ್ಟಿನಿಂದ ನೋಡಿದವರು ಅವರೇ. ಶಾಲೆಗೆ ಹೊರಡುವಾಗ ಮಾತ್ರ ಹೊಟ್ಟೆನೋವು, ತಲೆನೋವು ಬರುವ ಮಗುವನ್ನೂ ಅವರ ಹತ್ತಿರವೇ ಒಯ್ಯುತ್ತೇವೆ. ಆ ನೋವಿನ ಹಿಂದೆ ಓದಿನ ಭಯ ಇರಬಹುದು. ಆದ್ದರಿಂದ ಮಗುವಿನ ನೋಟ್‌ಬುಕ್ ಜೊತೆಗೇ ತೆಗೆದುಕೊಂಡು ಹೋಗಿ. ಮಾತು ತಡವಾಗಿ ಬಂತೇ, ಮನೆಯಲ್ಲಿ ಬೇರೆ ಯಾರಿಗಾದರೂ ಓದಿನ ಕಷ್ಟ ಇತ್ತೇ ಎಂಬುದನ್ನೂ ಹೇಳಿ.

ಡಾಕ್ಟರು ಮೊದಲು ಕಣ್ಣು, ಕಿವಿ, ನರಗಳ ಪರೀಕ್ಷೆ ಮಾಡುತ್ತಾರೆ ಅಥವಾ ಮಾಡಿಸುತ್ತಾರೆ. ಕಲಿಕೆಗೆ ಅಡ್ಡಿಯಾಗುವ ಬೇರೆ ಕಾಯಿಲೆ ಇದೆಯೇ ಎಂದು ನೋಡುತ್ತಾರೆ. ಆಮೇಲೆ ಮನಶ್ಶಾಸ್ತ್ರಜ್ಞರ ಬಳಿ ಕಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ ಕಲಿಕಾ ಪರೀಕ್ಷೆಯನ್ನು ಇದಕ್ಕೆ ಬಳಸುತ್ತಾರೆ. ಎಂಟು ವರ್ಷದ ಸುಮಾರಿಗೆ ವಿಷಯ ಸ್ಪಷ್ಟವಾಗುತ್ತದೆ. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಡಿ. ಸಂಶಯ ಬಂದ ಕೂಡಲೇ ಸಹಾಯ ಶುರುಮಾಡಬಹುದು.

ಒಂದು ಮಾತು ನೆನಪಿಡಿ. ಡಿಸ್ಲೆಕ್ಸಿಯಾ ಗುಣಪಡಿಸುವ ಟಾನಿಕ್ ಇಲ್ಲ, ಮಾತ್ರೆ ಇಲ್ಲ, ಬಣ್ಣದ ಕನ್ನಡಕವೂ ಇಲ್ಲ. ಅದಕ್ಕಾಗಿ ಸಂಘದಲ್ಲಿ ಸಾಲ ಎತ್ತಬೇಡಿ. ಮಗುವಿಗೆ ಬೇಕಾದದ್ದು ಅಕ್ಷರ–ಶಬ್ದವನ್ನು ಹಂತಹಂತವಾಗಿ, ಮತ್ತೆ ಮತ್ತೆ ಕಲಿಸುವ ವಿಶೇಷ ಶಿಕ್ಷಕರು ಮತ್ತು ತಾಳ್ಮೆ. ಶಾಲೆಗೆ ಒಂದು ಪತ್ರ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ಆರು ತಿಂಗಳಿಗೊಮ್ಮೆ ಮಗುವನ್ನು ತೋರಿಸಿ ಬನ್ನಿ.

ಖರ್ಚಿನ ಚಿಂತೆಯೇ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಅವರಿಗೆ ಹೇಳಿ. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಈ ತೊಂದರೆಯೂ ಸೇರಿದೆ. ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯಲ್ಲಿ ಮಕ್ಕಳ ಡಾಕ್ಟರೂ ಇರುತ್ತಾರೆ. ಅದು ಇದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಕೇಳಬಹುದು.

'ಹುಡುಗಿ ತಾನೇ, ಓದು ತಲೆಗೆ ಹತ್ತಲ್ಲ' ಅಂತ ಶಾಲೆ ಬಿಡಿಸಬೇಡಿ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಸಾಲ–ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇದನ್ನು ಮಾತಾಡಿ. ಯಾರ ಮನೆಯಲ್ಲಿ ಇಂಥ ಮಗು ಇದೆಯೋ, ಆ ತಾಯಿಯ ಜೊತೆ ಒಬ್ಬರು ಆಸ್ಪತ್ರೆಗೆ ಹೋಗಿಬನ್ನಿ. ಒಬ್ಬಳೇ ಹೋದರೆ ಕೇಳಲು ಹೆದರುವಳು, ಇಬ್ಬರಿದ್ದರೆ ಕೇಳಿಯೇ ಬರುವಿರಿ.